ಬ್ಲಾಸ್ಟಿಂಗ್ ರೂಮಿನ ಕೆಮ್ಮು

ದೆವ್ವ, ಗಾಳಿ, ಸತ್ತವರ ದನಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅದನ್ನೆಲ್ಲ ನಂಬುತ್ತೇನೆಂದು ಈಗಲೂ ಹೇಳಲಾರೆ. ಆದರೆ ಎದ್ದು ಹೋಗುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಕಾರಣವಾದ ಒಂದು ಬೆಳಗಿನ ವಿಷಯವನ್ನು, ಏನನ್ನೂ ಸೇರಿಸದೆ ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ರಾಜ್ಯದಲ್ಲೆಲ್ಲ ನಡೆಯುತ್ತಿದ್ದ ಒಂದು ಸಮೀಕ್ಷೆಯಲ್ಲಿ ನನಗೆ ಕೆಲಸ. ಬೀದರಿನಿಂದ ಚಾಮರಾಜನಗರದವರೆಗೆ ರೋಗಿಗಳ ಮನೆಗೆ ಹೋಗಿ, ಅವರ ಎದುರು ಕೂತು ಮಾತಾಡಿಸಬೇಕು. ಬೀಡಿ ಸೇದಿದವರಿದ್ದರು, ಕ್ವಾರಿಯಲ್ಲಿ ಕಲ್ಲು ಒಡೆದವರಿದ್ದರು, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಜೀವಮಾನವಿಡೀ ಸೌದೆ ಒಲೆ ಊದಿದ ಹೆಂಗಸರಿದ್ದರು. ಎಷ್ಟೋ ಜನ ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಕಾಯಿಲೆ ಮೈಗೆಲ್ಲ ಹರಡಿದ ಮೇಲೆ ದೊಡ್ಡಾಸ್ಪತ್ರೆಯ ಬಾಗಿಲು ಕಂಡವರು. ಭಾಷೆ ಬದಲಾಗುತ್ತಿತ್ತು, ಊಟ ಬದಲಾಗುತ್ತಿತ್ತು, ಒಂದು ಮಾತು ಮಾತ್ರ ಎಲ್ಲ ಜಿಲ್ಲೆಯಲ್ಲೂ ಒಂದೇ. ರೋಗದ ಹೆಸರು ಕಿವಿಗೆ ಬಿದ್ದ ಕೂಡಲೇ ನೆರೆಯವರು, “ಬೀಡಿ ಸೇದಿರ್ಬೇಕು ಬಿಡಿ” ಎನ್ನುತ್ತಿದ್ದರು. ಆ ಒಂದು ಮಾತಿಗೆ ಉಳಿದವರೆಲ್ಲರ ಪಾಪ ತೊಳೆದುಹೋಗುತ್ತಿತ್ತು.

ಅದೇ ಕ್ಯಾನ್ಸರಿಗೆ ಸಿಕ್ಕ ನನ್ನ ಅಣ್ಣ ಈರಣ್ಣನಿಗೂ ಇದೇ ಮಾತು ಅಂಟಿತು. ಅವನು ಗದಗಿನ ಕಡೆಯಿಂದ ಬಂದು ಚಿಕ್ಕಬಾಣಾವರದಲ್ಲಿ ಬಾಡಿಗೆ ರೂಮು ಹಿಡಿದು, ಪೀಣ್ಯದ ಒಂದು ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ಬ್ಲಾಸ್ಟಿಂಗ್ ಕೆಲಸ ಮಾಡಿದವನು. ಮುಚ್ಚಿದ ತಗಡಿನ ಕೋಣೆಯೊಳಗೆ ನಿಂತು, ತುಕ್ಕು ಹಿಡಿದ ಕಬ್ಬಿಣಕ್ಕೆ ಪೈಪಿನಿಂದ ಜೋರಾಗಿ ಮರಳು ಎರಚಿ ತುಕ್ಕು ತೆಗೆಯುವ ಕೆಲಸ ಅದು. ಮರಳು ಪುಡಿಪುಡಿಯಾಗಿ ಹೊಗೆಯಂತೆ ಕೋಣೆ ತುಂಬಿಕೊಳ್ಳುತ್ತಿತ್ತು. ಮೂಗಿಗೆ ಕಟ್ಟಿಕೊಳ್ಳಲು ಇದ್ದದ್ದು ಒಂದು ಟವೆಲ್. ಆ ಕೋಣೆಯ ದುಡಿಮೆಯಲ್ಲೇ ಅವನು ನನ್ನನ್ನು ಬೆಂಗಳೂರಿಗೆ ಕರೆಸಿ ಓದಿಸಿದ. ಬೀಡಿ ಹಾಗಿರಲಿ, ಎಲೆಯಡಿಕೆಯನ್ನೂ ಬಾಯಿಗೆ ಹಾಕಿದವನಲ್ಲ.

ಅವನ ಕೆಮ್ಮು ನನಗೆ ಎಂಥ ಗದ್ದಲದಲ್ಲೂ ಗುರುತು ಸಿಗುತ್ತಿತ್ತು. ಎರಡು ಗಿಡ್ಡ ಕೆಮ್ಮು, ಆಮೇಲೆ ಹೊಟ್ಟೆಯ ಬುಡದಿಂದ ಎಳೆದು ಬಂದಂಥ ಒಂದು ಉದ್ದದ್ದು, ಕೊನೆಗೆ “ಯಪ್ಪಾ, ಶಿವನೇ” ಎಂಬ ನರಳು.

ಅಣ್ಣ ಹಾಸಿಗೆ ಹಿಡಿದಾಗ ನಾನು ಎಲ್ಲೆಲ್ಲೋ ಓಡಾಡಿ ಕಾರ್ಖಾನೆಗಳ ತನಿಖೆ ಮಾಡುವ ಒಬ್ಬ ಅಧಿಕಾರಿಯನ್ನು ಆ ಶೆಡ್ಡಿಗೆ ಕರೆದುಕೊಂಡು ಹೋಗಿದ್ದೆ. ಓನರ್ ಮುನಿರಾಜು ಕೈಮುಗಿದು ಕುರ್ಚಿ ಹಾಕಿಸಿದ, ಕಾಫಿ ತರಿಸಿದ. “ಭಾರಿ ಬೀಡಿ ಸೇದ್ತಿದ್ದ ಸಾರ್. ನಾನೇ ಎಷ್ಟು ಸಲ ಬೈದಿದೀನಿ, ಕೇಳ್ತಿರ್ಲಿಲ್ಲ” ಅಂದ. ಕೆಲಸದವರು ನೆಲ ನೋಡುತ್ತ ನಿಂತಿದ್ದರು. ಅಧಿಕಾರಿ ಕಾಫಿ ಮುಗಿಸಿ ಎದ್ದರು. ಅಲ್ಲಿಗೆ ಆ ವಿಚಾರ ಮುಗಿಯಿತು. ವಿಷಯ ತಿಳಿದ ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಸಾಯುವವರೆಗೆ ಅವನಿಗೆ ನೋವಿಗಿಂತ ಆ ಸುಳ್ಳೇ ಹೆಚ್ಚು ಚುಚ್ಚಿತು.

ಅವನು ತೀರಿಕೊಂಡ ವರ್ಷದ ಆಯುಧಪೂಜೆಯ ದಿನ ವೈನಿ, ಅಂದರೆ ಅಣ್ಣನ ಹೆಂಡತಿ ಶಾಂತವ್ವ, ಬೆಳಿಗ್ಗೆಯೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ನಿಂತರು.

“ನಾ ಪೀಣ್ಯಕ್ಕ ಹೊಂಟೀನಿ. ಅವರ ಎದಿಯೊಳಗ ಹೋದ ಉಸುಕು ಒಂದು ಹಿಡಿ ತಗೊಂಡು ಆ ಮನಿಹಾಳನ ಮಾರಿಗೆ ತೂರಿ ಬರ್ತೀನಿ. ಅವನೂ ಹಾಳಾಗ್ಲಿ, ಅವನ ಶೆಡ್ಡೂ ಹಾಳಾಗ್ಲಿ.”

ನಾನು ಬೇಡವೆನ್ನಲಿಲ್ಲ. ಶಾಪದಲ್ಲಿ ನನಗೆ ನಂಬಿಕೆಯಿರಲಿಲ್ಲ, ಆದರೆ ಅವನ ಮುಖಕ್ಕೆ ಮರಳು ಬೀಳುವುದನ್ನು ನೋಡುವ ಆಸೆ ಬಹಳ ಇತ್ತು. ವೈನಿಗಿಂತ ಮೊದಲು ನಾನೇ ಚಪ್ಪಲಿ ಮೆಟ್ಟಿಕೊಂಡೆ.

ಪೀಣ್ಯ ಸುಮ್ಮನಿರುವುದು ಆಯುಧಪೂಜೆಯ ದಿನ ಮಾತ್ರ. ಯಂತ್ರಗಳೆಲ್ಲ ನಿಂತಿದ್ದವು. ಬಾಗಿಲಿಗೆ ಬಾಳೆಕಂದು, ಲೇತ್ ಮೆಷಿನ್ನಿಗೆ ಕುಂಕುಮ, ಬ್ಲಾಸ್ಟಿಂಗ್ ರೂಮಿನ ಮುಚ್ಚಿದ ಬಾಗಿಲಿಗೆ ಚೆಂಡುಹೂವಿನ ಹಾರ. ಮುನಿರಾಜು ಅದರ ಮುಂದೆ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದ. ಕೆಲಸದವರೆಲ್ಲ ಹೊಸ ಅಂಗಿ ತೊಟ್ಟು ಅವನ ಹಿಂದಿದ್ದರು. ವೈನಿ ನೇರವಾಗಿ ಒಳಗೆ ಹೋದರು. ಬಾಗಿಲ ಬದಿಯಲ್ಲಿ ರಾಶಿ ಹಾಕಿದ್ದ ಮರಳಿನಿಂದ ಒಂದು ಹಿಡಿ ತೆಗೆದುಕೊಂಡು ಅವನ ಎದುರು ನಿಂತರು.

“ನನ್ನ ಗಂಡ ಬೀಡಿ ಸೇದ್ತಿದ್ದಿಲ್ಲ ಅಂತ ಇವರೆಲ್ಲಾರ ಮುಂದ ಒಂದು ಮಾತು ಹೇಳ್ರಿ. ಹೇಳಿದ್ರ ಸುಮ್ನ ಹೋಗ್ತೀನಿ.”

ಮುನಿರಾಜುವಿಗೆ ಸಿಟ್ಟು ಬಂತು. “ಹಬ್ಬದ ದಿನ ಇದೇನಮ್ಮ ನಿಮ್ದು? ಇಲ್ಲಿನ ಧೂಳಿಂದ ರೋಗ ಬಂತು ಅಂತೀರಾ? ಆವಯ್ಯ ಇಲ್ಲಿ ಕೆಲ್ಸ ಮಾಡೋವಾಗ ಒಂದಿನಾನೂ ಕೆಮ್ಮಿದ್ದು ನಾನು ಕೇಳಿಲ್ಲ. ಏನ್ರೋ, ನೀವ್ಯಾರಾದ್ರೂ ಕೇಳಿದ್ದೀರಾ?”

ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಮುಚ್ಚಿದ ಬಾಗಿಲಿನ ಒಳಗಿನಿಂದ ಕೆಮ್ಮು ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ.

ಮುನಿರಾಜು ತಿರುಗಿ, “ಯಾವನೋ ಅವ್ನು ಒಳಗೆ?” ಎಂದು ಕೂಗಿ, ಹಾರ ಹರಿದುಹೋಗುವಂತೆ ಬಾಗಿಲು ಎಳೆದ. ನಾನು ಅವನ ಪಕ್ಕದಲ್ಲೇ ಇದ್ದೆ. ಒಳಗೆ ಬಲ್ಬು ಉರಿಯುತ್ತಿತ್ತು. ಸುತ್ತಿಟ್ಟ ಪೈಪು, ಮೂಲೆಯಲ್ಲಿ ಮರಳು, ಅಷ್ಟೇ. ಒಬ್ಬ ಮನುಷ್ಯ ಅಡಗುವ ಜಾಗವಿಲ್ಲ, ಬೇರೆ ಬಾಗಿಲೂ ಇಲ್ಲ. ಅವನು ಕದ ದಬ್ಬಿ ಮುಚ್ಚಿದ. ಮುಚ್ಚಿದ ಕೂಡಲೇ ಮತ್ತೆ ಅದೇ ಕೆಮ್ಮು, ಈ ಸಲ ಇನ್ನೂ ಹತ್ತಿರದಲ್ಲಿ, ಬಾಗಿಲಿಗೆ ಒರಗಿ ಕೆಮ್ಮಿದಂತೆ. ಅದರ ಹಿಂದೆಯೇ ಸ್ಪಷ್ಟವಾಗಿ, “ಯಪ್ಪಾ, ಶಿವನೇ.”

ತಟ್ಟೆ ಕೆಳಗೆ ಬಿತ್ತು. ಅಣ್ಣನ ಜೊತೆ ಕೆಲಸ ಮಾಡಿದ್ದ ಮಲ್ಲಣ್ಣ ಹಿಂದಕ್ಕೆ ಸರಿಯುತ್ತ, “ಈರಣ್ಣಂದೇ ಸಾರ್ ಆ ಕೆಮ್ಮು, ಈರಣ್ಣಂದೇ” ಎಂದು ಅಳತೊಡಗಿದ. ಇಬ್ಬರು ಹೊರಗೆ ಓಡಿದರು.

ಮುನಿರಾಜುವಿನ ಮುಖ ಸುಣ್ಣದಂತೆ ಬಿಳಿಚಿತ್ತು. ವೈನಿಯ ಕಡೆ ತಿರುಗಿ ಕೈಮುಗಿದ. ಅಧಿಕಾರಿಗೆ ಮುಗಿದಂತೆ ಅಲ್ಲ. “ಸೇದ್ತಿರ್ಲಿಲ್ಲ ಕಣಮ್ಮ. ನಿನ್ ಗಂಡ ಸೇದ್ತಿರ್ಲಿಲ್ಲ, ನಾನೇ ಸುಳ್ಳು ಹೇಳ್ದೆ. ನಿಲ್ಸು ಅಂತ ಹೇಳಮ್ಮ ಅವ್ನಿಗೆ.”

ವೈನಿ ಅವನನ್ನೇ ದಿಟ್ಟಿಸಿ ನೋಡಿದರು. “ನಾ ಯಾಕ ನಿಲ್ಲಸ್ಲಿ?” ಅಂದರು. ಆಮೇಲೆ ಹಿಡಿಯಲ್ಲಿದ್ದ ಮರಳನ್ನು ಅವನ ಮುಖಕ್ಕೆ ತೂರಿದರು. ಅವನು ಕಣ್ಣು ಒರೆಸಿಕೊಳ್ಳಲೂ ಇಲ್ಲ.

ನನಗೆ ಹೆದರಿಕೆಯಾಗಲಿಲ್ಲ, ನಿಜ ಹೇಳುತ್ತೇನೆ. ಎದೆ ತಣ್ಣಗಾಯಿತು. ಇನ್ನೂ ಕೆಮ್ಮು, ಇವನು ಸಾಯುವ ತನಕ ಕೆಮ್ಮು ಎಂದು ಮನಸ್ಸಿನಲ್ಲೇ ಅಣ್ಣನಿಗೆ ಹೇಳಿದೆ.

ಆಮೇಲೆ ಆದದ್ದು ಮಲ್ಲಣ್ಣನಿಂದ ತಿಳಿಯಿತು. ಆ ಕೋಣೆಯೊಳಗೆ ಕಾಲಿಡಲು ಯಾರೂ ಒಪ್ಪಲಿಲ್ಲ. ಹೋಮ ಮಾಡಿಸಿದರು, ತಾಯತ ಕಟ್ಟಿಸಿದರು. ಯಂತ್ರ ನಿಂತರೆ ಕೆಮ್ಮು ಕೇಳಿಸುತ್ತದೆಂದು ಮುನಿರಾಜು ಕೆಲಸವಿಲ್ಲದಾಗಲೂ ಪೈಪಿಗೆ ಗಾಳಿ ಕೊಡುವ ಕಂಪ್ರೆಸರ್ ಓಡಿಸುತ್ತ ಕೂರುತ್ತಿದ್ದನಂತೆ. ಕೊನೆಗೆ ಕೋಣೆಯನ್ನು ಬಿಚ್ಚಿ ಗುಜರಿಗೆ ಹಾಕಿ, ಶೆಡ್ಡು ಖಾಲಿ ಮಾಡಿಕೊಂಡು ಹೋದ. ಅವನಿಗೆ ರೋಗವೇನೂ ಬರಲಿಲ್ಲ. ಬರಲಿ ಎಂದು ನಾನು ಕಾದಿದ್ದೆ. ಕೆಲಸದ ಮೇಲೆ ಆಸ್ಪತ್ರೆಗೆ ಹೋದಾಗಲೆಲ್ಲ, ಎಕ್ಸ್‌ರೇ ಹಿಡಿದು ಕೂತವರ ಸಾಲಿನಲ್ಲಿ ಅವನ ಮುಖ ಹುಡುಕುತ್ತಿದ್ದೆ. ಎಷ್ಟೋ ಮುಖ ಕಂಡೆ, ಅವನದು ಕಾಣಲಿಲ್ಲ.

ನನಗೆ ತೋಚಿದ ಕಾರಣಗಳನ್ನೆಲ್ಲ ಯೋಚಿಸಿದ್ದೇನೆ. ಪಕ್ಕದ ಶೆಡ್ಡಿಗೆ ಬೀಗ ಹಾಕಿತ್ತು. ಕೆಲಸದವರೆಲ್ಲ ನನ್ನ ಕಣ್ಣೆದುರೇ, ಬಾಯಿ ಮುಚ್ಚಿಕೊಂಡು ನಿಂತಿದ್ದರು. ದುಃಖಕ್ಕೆ ನನ್ನ ಕಿವಿ ಮೋಸ ಹೋಯಿತು ಎನ್ನೋಣವೆಂದರೆ, ಮುನಿರಾಜುವಿಗೆ ಎಲ್ಲಿಯ ದುಃಖ?

ಶೆಡ್ಡು ಮುಚ್ಚಿದ ಸುದ್ದಿ ತಿಳಿದ ದಿನ ಚಿಕ್ಕಬಾಣಾವರಕ್ಕೆ ಓಡಿಹೋಗಿ ವೈನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದರು. “ಚಲೋ ಆತು” ಎಂದು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಕೇಳಿದರು:

“ಅವತ್ತು ಹೆಂಗ ಕೆಮ್ಮಿದ್ರು ಅವರು? ದನಿ ಮೊದಲಿನ್ಹಂಗ ಇತ್ತೇನು?”

“ನೀವೂ ಅಲ್ಲೇ ಇದ್ರಲ್ಲ ವೈನಿ.”

“ಇದ್ದೆ. ನನಗೇನೂ ಕೇಳಿಸ್ಲಿಲ್ಲ. ಮಲ್ಲಣ್ಣ ಹೆಸರು ತಗೊಂಡ ಮ್ಯಾಲೇ ತಿಳದದ್ದು ನನಗ. ಆ ಮನಿಹಾಳನ ಮುಂದ ನನಗೂ ಕೇಳಿಸಿದಂಗ ನಿಂತೆ.” ಕೈ ಹಿಟ್ಟಿನಲ್ಲೇ ಇತ್ತು. “ಅವಗ ಕೇಳಿಸ್ತು, ನಿನಗ ಕೇಳಿಸ್ತು. ಅಷ್ಟು ವರ್ಷ ಬಾಳ್ವಿ ಮಾಡ್ದಾಕಿ ನಾನು. ನನಗೊಬ್ಬಾಕಿಗೆ ಯಾಕ ಕೇಳಿಸ್ಲಿಲ್ಲ?”

ರಾಜ್ಯವೆಲ್ಲ ಸುತ್ತಿ, ನಮಗೇ ಯಾಕೆ ಹೀಗಾಯಿತು ಎಂದು ಕೇಳಿದ ಎಷ್ಟೋ ಹೆಂಗಸರಿಗೆ ನಾನು ಏನಾದರೊಂದು ಸಮಾಧಾನ ಹೇಳಿ ಎದ್ದು ಬಂದಿದ್ದೇನೆ. ಅವತ್ತು ಮಾತ್ರ ಏಳದೆ, ವೈನಿಯ ಪಕ್ಕದಲ್ಲೇ ಕೂತು ಅಣ್ಣನಂತೆ ಕೆಮ್ಮಿ ತೋರಿಸಿದೆ. ಎರಡು ಗಿಡ್ಡ, ಒಂದು ಉದ್ದ.