ಹುಕ್ಕು ಮರೆತ ಟೈಲರಣ್ಣ

ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನಾನು ಮಿಷನ್ನು ಬಿಚ್ಚಿ ಎಣ್ಣೆ ಬಿಡಲು ಕೂತರೆ ನನ್ನ ಮಗಳು ಮೂಗು ಮುಚ್ಚಿಕೊಂಡು ಆಚೆ ಹೋಗುತ್ತಾಳೆ. ನನಗೋ ಆ ವಾಸನೆ ಬಂದರೆ ಪಾಂಡವಪುರದ ಜವಳಿ ಅಂಗಡಿಯ ಜಗುಲಿ ಕಣ್ಣ ಮುಂದೆ ಬರುತ್ತದೆ. ಮೊನ್ನೆಯೂ ಹಾಗೇ ಆಯಿತು. ಎಣ್ಣೆ ಬಿಟ್ಟು ಚಕ್ರ ತಿರುಗಿಸುತ್ತಿದ್ದವಳು ಹಾಗೇ ಕೈ ನಿಲ್ಲಿಸಿ ಕೂತುಬಿಟ್ಟೆ...

ಆ ಜಗುಲಿಯ ಮೇಲೆ ಟೈಲರಣ್ಣನ ಮಿಷನ್ನು ಇರುತ್ತಿತ್ತು. ತೊಂಬತ್ತರ ದಶಕದ ಮಾತು. ಜವಳಿ ಅಂಗಡಿಯಲ್ಲಿ ಸೀರೆ ತೆಗೆದುಕೊಂಡವರು ಮೆಟ್ಟಿಲು ಇಳಿಯುವ ಮೊದಲೇ ರವಿಕೆ ಬಟ್ಟೆಯನ್ನು ಅವರ ಕೈಗೆ ಕೊಟ್ಟು ಹೋಗುತ್ತಿದ್ದರು. ಕುತ್ತಿಗೆಗೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು, ಪಕ್ಕದಲ್ಲಿ ಹೊಗೆಯಾಡುವ ಇದ್ದಿಲ ಇಸ್ತ್ರಿಪೆಟ್ಟಿಗೆ. ಯುಗಾದಿ ಮತ್ತು ರಂಜಾನು ಹತ್ತಿರ ಹತ್ತಿರ ಬಂದರಂತೂ ಅವರು ತಲೆ ಎತ್ತುತ್ತಲೇ ಇರಲಿಲ್ಲ. ಬಂದವರಿಗೆ ಕಾಲಿನಲ್ಲೇ ಉತ್ತರ ಹೇಳುತ್ತಿದ್ದರು: ಮಿಷನ್ನು ಜೋರಾಗಿ ತುಳಿದರೆ ಇವತ್ತು ಆಗಲ್ಲ ಅಂತ ಅರ್ಥ, ನಿಲ್ಲಿಸಿದರೆ ಮಾತಾಡಬಹುದು ಅಂತ.

ಕ್ಯಾತನಹಳ್ಳಿ ಕಡೆಯವರೆಲ್ಲ ಅವರನ್ನು ಟೈಲರ್ ಸಾಬ್ರು ಅನ್ನುತ್ತಿದ್ದರು. ನನಗೆ ಆಮೇಲೆ ಅವರು ಟೈಲರಣ್ಣ ಆದರು. ಹೆಂಗಸರ ಬಟ್ಟೆಗೆ ಅವರು ಟೇಪು ಹಿಡಿದದ್ದನ್ನು ಯಾರೂ ನೋಡಿಲ್ಲ. ಟೇಪೇನಿದ್ದರೂ ಗಂಡಸರ ಅಂಗಿ ಪ್ಯಾಂಟಿಗೆ. ಹೆಂಗಸರು ಮೈಗೆ ಸರಿಯಾಗಿ ಕೂರುವ ಹಳೇ ರವಿಕೆಯೊಂದನ್ನು ತಂದುಕೊಡಬೇಕು. ಅದಕ್ಕೆ ಅಳತೆ ರವಿಕೆ ಅಂತ ಹೆಸರು. ಹೊಸ ಬಟ್ಟೆಯ ಜೊತೆ ಅದನ್ನು ಸುತ್ತಿ, ಒಂದು ಚೂರು ಬಟ್ಟೆಯಿಂದ ಗಂಟು ಹಾಕಿ, ಹಿಂದಿನ ಗೂಡಿಗೆ ಎಸೆಯುತ್ತಿದ್ದರು. ಯಾರದ್ದು ಯಾವುದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಈಗ ನಾನೂ ಹಾಗೇ ಮಾಡುತ್ತೇನೆ, ಆದರೆ ನನಗೆ ಅದಲುಬದಲಾಗುತ್ತದೆ, ಬೈಸಿಕೊಳ್ಳುತ್ತೇನೆ.

ನಾನು ಆ ಕಡೆಯವಳಲ್ಲ. ನನ್ನ ತವರು ನಾಗಮಂಗಲದ ಹೊಣಕೆರೆ ಕಡೆ. ನಮ್ಮದು ರಾಗಿ, ಹುರುಳಿ ಬೆಳೆಯುವ, ಮಳೆ ನಂಬಿದ ಬೆದ್ದಲು ಹೊಲ. ನನ್ನನ್ನು ನೋಡಲು ಬಂದವರು ಕ್ಯಾತನಹಳ್ಳಿಯವರು, ನಾಲೆ ನೀರಿನವರು, ಕಬ್ಬು ಭತ್ತದವರು. ನಮ್ಮವ್ವನಿಗೆ ನಾಲೆ ಕಡೆಗೆ ಮಗಳನ್ನು ಕೊಡಬೇಕು ಅಂತ ಬಹಳ ಆಸೆ. ನಾನೋ ಆಗ ನೋಡಿದವರು ಅಯ್ಯೋ ಅನ್ನುವಷ್ಟು ಸಣ್ಣಗಿದ್ದೆ. ಹೆಣ್ಣು ನೋಡಿ ಎದ್ದು ಹೋಗುವಾಗ ಗಂಡಿನ ಕಡೆಯ ಹೆಂಗಸೊಬ್ಬರು ಇನ್ನೊಬ್ಬರಿಗೆ ಹೇಳಿದ್ದು ಅವ್ವನ ಕಿವಿಗೆ ಬಿತ್ತು.

"ಉಡುಗಿ ಏನೋ ಲಕ್ಷಣವಾಗವ್ಳೆ. ಕಡ್ಡಿ ಅಂಗವ್ಳಲ್ಲ, ಗದ್ದೆ ಕೆಲ್ಸ ಮಾಡಾಳಾ?"

ಆದರೂ ಒಪ್ಪಿದರು, ಮಾತುಕತೆ ಆಯಿತು. ಆ ಒಂದು ಮಾತು ಮಾತ್ರ ಅವ್ವನ ಎದೆಯಲ್ಲಿ ಕೂತುಬಿಟ್ಟಿತು. ಅವತ್ತಿಂದ ನನಗೆ ಬೆಣ್ಣೆ, ಬೆಲ್ಲ, ಮುದ್ದೆಯ ಮೇಲೆ ಮುದ್ದೆ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು.

ಜವಳಿ ತೆಗೆಯಲು ಎರಡೂ ಕಡೆಯವರು ಪಾಂಡವಪುರದ ಆ ಅಂಗಡಿಯಲ್ಲಿ ಸೇರಿದೆವು. ನಮ್ಮ ಕಡೆ ಧಾರೆ ಸೀರೆ ಗಂಡಿನವರದ್ದು, ಅದರ ರವಿಕೆ ಹೊಲಿಸುವುದೂ ಅವರೇ. ಕೆಂಪು ಸೀರೆಗಳನ್ನು ಒಂದೊಂದಾಗಿ ನನ್ನ ಹೆಗಲ ಮೇಲೆ ಹಾಕಿ ನೋಡಿದರು. ಜಗುಲಿಯ ಮೇಲೆ ಟೈಲರು ತಮ್ಮ ಪಾಡಿಗೆ ಮಿಷನ್ನು ತುಳಿಯುತ್ತಿದ್ದರು. ಅಳತೆ ರವಿಕೆ ಎಲ್ಲಿ ಅಂತ ನಮ್ಮತ್ತೆಯಾಗುವವರು ಕೇಳಿದಾಗ ಅವ್ವ, "ತರದು ಮರ್ತ್ಬುಟ್ಟೆ ಕಣವ್ವ, ಕಳಿಸ್ಕೊಡ್ತೀನಿ" ಅಂದಳು. ಮರೆತಿರಲಿಲ್ಲ, ಅವಳ ಚೀಲದಲ್ಲೇ ನನ್ನ ರವಿಕೆ ಇತ್ತು. ಅದನ್ನು ಬೀಗಿತಿಯ ಕೈಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಊರಿಗೆ ಬಂದು ಅವ್ವ ಮಾಡಿದ ಕೆಲಸ ಏನು ಗೊತ್ತೇ? ಬಾಣಂತನಕ್ಕೆ ಬಂದಿದ್ದ ನನ್ನ ಅಕ್ಕನ ರವಿಕೆಯನ್ನು ಮಡಿಸಿ, ಇದು ನನ್ನದು ಅಂತ ಕಳಿಸಿಬಿಟ್ಟಳು! ನನ್ನಂಥವರು ಇಬ್ಬರು ಅದರೊಳಗೆ ಆರಾಮಾಗಿ ಇರಬಹುದಿತ್ತು. ಮದುವೆ ಹೊತ್ತಿಗೆ ನಾನು ಮೈ ತುಂಬಿಕೊಳ್ಳುತ್ತೇನೆ ಅನ್ನುವುದು ಅವ್ವನ ಲೆಕ್ಕ. ಅತ್ತೆ ಅದನ್ನು ಬಿಡಿಸಿ ನೋಡಿ, ನಾವಂದುಕೊಂಡಷ್ಟು ಸಣ್ಣ ಇಲ್ಲ ಹುಡುಗಿ, ಸೀರೇಲಿ ಹಾಗೆ ಕಾಣುತ್ತಾಳೆ ಅಂತ ಮನೆಯವರಿಗೆಲ್ಲ ಹೇಳಿದ್ದರಂತೆ. ಆ ಸುದ್ದಿ ನಮ್ಮೂರಿಗೂ ಬಂತು. ಅವ್ವ ಮೊದಲು ಖುಷಿಪಟ್ಟಳು, ಆಮೇಲೆ ಹೆದರಿದಳು. ಹಪ್ಪಳ ಕಡಿಮೆಯಾಯಿತು ಅಂತ ಮುನಿಸಿಕೊಂಡು ಎದ್ದ ಬೀಗರನ್ನು ಅವಳು ಕಣ್ಣಾರೆ ನೋಡಿದ್ದಳು. ಇನ್ನು ಬೇರೆಯವಳ ರವಿಕೆ ಕೊಟ್ಟು ಮೋಸ ಮಾಡಿದರು ಅಂದರೆ... ಮದುವೆ ನಿಲ್ಲದಿದ್ದರೂ ಜೀವನವೆಲ್ಲ ನಾನು ಕೇಳಿಕೊಂಡೇ ಇರಬೇಕಾಗುತ್ತಿತ್ತು.

ಮದುವೆ ಪಾಂಡವಪುರದ ಛತ್ರದಲ್ಲಿ. ಧಾರೆ ಸೀರೆ, ರವಿಕೆ ತಟ್ಟೆಯಲ್ಲಿ ಬರುವುದು ಮುಹೂರ್ತಕ್ಕೆ ಸ್ವಲ್ಪ ಮುಂಚೆ. ಬೆಳಿಗ್ಗೆ ನಾನು ಹೆಣ್ಣಿನ ಕೋಣೆಯಲ್ಲಿ ಕೂತಿದ್ದೆ, ಅವ್ವ ಸೇಫ್ಟಿ ಪಿನ್ನುಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ನಿಂತಿದ್ದಳು. ತಟ್ಟೆ ಬಂತು. ಇಸ್ತ್ರಿ ಮಡಿಕೆ ಬಿಚ್ಚದೆ ಇಟ್ಟಿದ್ದ ರವಿಕೆ ಬಿಡಿಸಿದರೆ ಅದರಲ್ಲಿ ಹುಕ್ಕೇ ಇಲ್ಲ! ಪಟ್ಟಿ ಇದೆ, ಕಾಜ ಇದೆ, ಒಂದು ಹುಕ್ಕೂ ಇಲ್ಲ.

ಗದ್ದಲವಾಯಿತು. ಟೈಲರನ್ನು ಕರೆಸಿ ಅಂತ ಯಾರೋ ಕೂಗಿದರು. ಕರೆಯಲು ಹೊರಟವರು ಮೆಟ್ಟಿಲಿಳಿಯುವಷ್ಟರಲ್ಲಿ ಅವರು ಛತ್ರದ ಬಾಗಿಲಲ್ಲೇ ಸಿಕ್ಕರು. ಮನೆಯವರ ಬಟ್ಟೆ ಹೊಲಿಯುವವರಲ್ಲವೇ, ಮದುವೆಗೆ ಕರೆದಿದ್ದರು. ಬಿಳೀ ಅಂಗಿ, ತಲೆಗೆ ಟೋಪಿ, ಬಗಲಲ್ಲಿ ಒಂದು ಬಟ್ಟೆ ಚೀಲ. ಅತ್ತೆ ಅಲ್ಲೇ, ಬಂದ ನೆಂಟರೆದುರಿಗೇ ಅವರನ್ನು ತರಾಟೆಗೆ ತೆಗೆದುಕೊಂಡರು.

"ಏನ್ ಸಾಬ್ರೇ, ತಲೆ ನೆಟ್ಟಗೈತಾ ನಿಮ್ಗೆ? ಧಾರೆ ರವಿಕೆಗೆ ಹುಕ್ಕು ಹಾಕಾದ್ ಮರೆಯಾದಾ? ಕೈಲಾಗ್ದಿದ್ರೆ ಯೇಳ್ಬೇಕಿತ್ತು, ಬ್ಯಾರೆಯೋರ್ಗೆ ಕೊಡ್ತಿದ್ದೋ!"

"ಮರ್ತ್ಬುಟ್ಟೆ ಕಣವ್ವ. ತಪ್ಪಾಯ್ತು," ಅಂದರು ಅವರು. ತಲೆ ಬಗ್ಗಿಸಿಕೊಂಡೇ ಇದ್ದರು. "ಸೂಜಿ ದಾರ ತಂದಿವ್ನಿ, ಇಲ್ಲೇ ಹಾಕ್ಕೊಡ್ತೀನಿ."

ಕೋಣೆಯ ಬಾಗಿಲ ಹತ್ತಿರ ಬಂದು, ಒಳಗೆ ನೋಡದೆ, ಗೋಡೆಯ ಕಡೆ ಮುಖ ಮಾಡಿಕೊಂಡು ಅವ್ವನನ್ನು ಕರೆದರು. "ಅಮ್ಮಾ, ಹುಡುಗಿ ನೆನ್ನೆ ಹಾಕ್ಕಂಡಿದ್ದ ರವಿಕೆ ಇದ್ರೆ ಕೊಡಿ. ಹುಕ್ಕು ಎಲ್ಲಿಗೆ ಬರ್ಬೇಕು ಅಂತ ನೋಡ್ಬೇಕು." ಹುಕ್ಕಿಗೆ ಯಾರೂ ಅಳತೆ ರವಿಕೆ ಕೇಳುವುದಿಲ್ಲ. ಅವ್ವ ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ನನ್ನ ರವಿಕೆಯನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟಳು.

ತೆಂಗಿನಕಾಯಿ ರಾಶಿ ಹಾಕಿದ್ದ ಪಕ್ಕದ ಉಗ್ರಾಣದಲ್ಲಿ ಕೂತು ಅವರು ಎರಡೂ ಪಕ್ಕ, ಎರಡೂ ತೋಳು ಬಿಚ್ಚಿ ಕೈಹೊಲಿಗೆಯಲ್ಲೇ ಒಳಗೆ ಹಿಡಿದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಹೊರಗೆ ಓಲಗದವರು ಜೋರು ಮಾಡಿದ್ದರು, ಇನ್ನೂ ಎಷ್ಟು ಹೊತ್ತು ಅಂತ ಅತ್ತೆ ಎರಡು ಸಲ ಬಂದು ಕೂಗಿ ಹೋದರು. "ಹುಕ್ಕು ಸಣ್ಣವು ಕಣವ್ವ, ಕೂರ್ತಿಲ್ಲ" ಅಂತ ಒಳಗಿಂದ ಉತ್ತರ ಬರುತ್ತಿತ್ತು. ಕೊನೆಗೆ ರವಿಕೆ ನನ್ನ ಕೈಗೆ ಬಂದಾಗ ಇಸ್ತ್ರಿ ಇಲ್ಲದೆ ಸ್ವಲ್ಪ ಸುಕ್ಕಾಗಿತ್ತು. ಹಾಕಿಕೊಂಡೆ. ಮೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅವ್ವ ಆ ಪಿನ್ನುಗಳನ್ನೆಲ್ಲ ಕಿಟಕಿಯಲ್ಲಿಟ್ಟು ಗೋಡೆಗೆ ಒರಗಿ ಅತ್ತುಬಿಟ್ಟಳು. ಮಗಳು ಹೋಗುತ್ತಾಳೆ ಅಂತ ಅಳುತ್ತಿದ್ದಾಳೆ ಅಂದುಕೊಂಡು ಎಲ್ಲರೂ ಸಮಾಧಾನ ಮಾಡಿದರು.

ಮದುವೆಯಾಗಿ ಒಂದು ವರ್ಷದ ಮೇಲೆ ನನಗೆ ಮನೆಯಲ್ಲಿ ಕೂತು ಏನಾದರೂ ಕೈಕೆಲಸ ಮಾಡಬೇಕು ಅನ್ನಿಸಿತು. ಟೈಲರುಗಳು ಹುಕ್ಕು, ಕಾಜ, ಹೆಮ್ಮಿಂಗು ಕೆಲಸವನ್ನು ಹೆಂಗಸರಿಗೆ ಮನೆಗೆ ಕೊಡುತ್ತಿದ್ದರು. ಅತ್ತೆಯ ಹತ್ತಿರ ಹೆದರಿಕೊಂಡೇ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಅವರು ಬಿದ್ದು ಬಿದ್ದು ನಕ್ಕರು. "ಹುಕ್ಕು ಮರೆಯೋ ಸಾಬ್ರಿಗೆ ಹುಕ್ಕು ಹಾಕೋ ಸೊಸೆ! ಹೋಗವ್ವ ಹೋಗು, ಇನ್ಯಾವಳ ಮದ್ವೇಲೋ ಮಾನ ಉಳೀತದೆ." ಅಷ್ಟು ಹೊತ್ತಿಗೆ ಆ ಹೆಸರು ಊರಲ್ಲೆಲ್ಲ ಹರಡಿತ್ತು. ಕ್ಯಾತನಹಳ್ಳಿಯವರು ಯಾರೇ ಬಟ್ಟೆ ಕೊಡಲು ಹೋದರೂ, "ಹುಕ್ಕು ಹಾಕ್ತೀರೇನ್ ಸಾಬ್ರೇ?" ಅಂತ ಕೇಳದೆ ಬರುತ್ತಿರಲಿಲ್ಲ. ಅವರು ಸುಮ್ಮನೆ ನಗುತ್ತಿದ್ದರು. ಕೆಲವರು ಬೇರೆ ಟೈಲರನ್ನು ಹಿಡಿದದ್ದೂ ಉಂಟು.

ಕಬ್ಬಿನ ಗಾಡಿಯ ಜೊತೆ ಪಾಂಡವಪುರಕ್ಕೆ ಹೋಗುತ್ತಿದ್ದ ನನ್ನ ಯಜಮಾನರು ಬರುವಾಗ ರವಿಕೆಗಳ ಗಂಟು ತರುತ್ತಿದ್ದರು, ನಾನು ಕೆಲಸ ಮುಗಿಸಿ ಕಳಿಸುತ್ತಿದ್ದೆ. ಸಂತೆಗೆ ಹೋದಾಗ ನಾನೇ ಜಗುಲಿಗೆ ಹೋಗಿ ಕೊಡುತ್ತಿದ್ದೆ. ಹೆಮ್ಮಿಂಗು ಸೊಟ್ಟಗಿದ್ದರೆ ಬೈಯದೆ, ಅವರೇ ಬಿಚ್ಚಿ ನನ್ನ ಮುಂದೆ ಇಡುತ್ತಿದ್ದರು. ಆಮೇಲೆ ಮಿಷನ್ನು ಕಲಿಸಿದರು. ಕತ್ತರಿ ಹಿಡಿಯುವುದನ್ನು ಕಲಿಸಿದರು. ಕತ್ತರಿಸುವಾಗ ಮಾತಾಡಬೇಡ ಬೇಟಿ, ಹೊಲಿಯುವಾಗ ಎಷ್ಟು ಬೇಕಾದರೂ ಮಾತಾಡು ಅನ್ನುತ್ತಿದ್ದರು. ಇವತ್ತು ಕ್ಯಾತನಹಳ್ಳಿಯ ಅರ್ಧ ಹೆಂಗಸರು ನಾನು ಹೊಲಿದ ರವಿಕೆ ಹಾಕುತ್ತಾರೆ. ಮಗಳ ಓದು, ಮನೆಯ ಮುಂದಿನ ಈ ಕೋಣೆ, ನಾಲ್ಕು ಜನ ನನ್ನನ್ನು ಹುಡುಕಿಕೊಂಡು ಬರುವ ಗೌರವ, ಎಲ್ಲ ಅವರ ಜಗುಲಿಯಿಂದ ಬಂದದ್ದು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಒಂದು ಸಂತೆಯ ದಿನ ಜಗುಲಿಯಲ್ಲಿ ಯಾರೂ ಇರಲಿಲ್ಲ. ಕೇಳಿಯೇಬಿಟ್ಟೆ. "ಅಣ್ಣ, ಅವತ್ತು ನೀವು ನಿಜವಾಗ್ಲೂ ಮರ್ತಿದ್ರಾ?"

ಅವರು ತುಳಿಯುವುದನ್ನು ನಿಲ್ಲಿಸಿದರು.

"ನಿನ್ನ ಹೆಗಲ ಮೇಲೆ ಸೀರೆ ಹಾಕಿದ್ದಾಗ ನಾನು ನೋಡಿದ್ನಲ್ಲ ಬೇಟಿ. ಆಮೇಲೆ ಆ ಅಳತೆ ರವಿಕೆ ಬಂತು. ನಿಂದಲ್ಲ ಅಂತ ಗೊತ್ತಾಯ್ತು. ಕೇಳಿ ಕಳಿಸಾಣ ಅಂದ್ರೆ ನಿಮ್ಮತ್ತೆ ಮನೆಯೋರ ಕೈಲೇ ಕೇಳಿ ಕಳಿಸ್ಬೇಕು. ನಿನ್ನಳತೆಗೆ ಸಣ್ಣದು ಹೊಲಿದ್ರೆ ನಿಮ್ಮತ್ತೆ ಎರಡನ್ನೂ ಪಕ್ಕದಲ್ಲಿಟ್ಟು ನೋಡ್ತಾರೆ. ತಾಯಿ ಕಳಿಸಿದ್ದು ಸುಳ್ಳು ಅಂತ ಆಗ್ಬಾರ್ದಲ್ಲ." ದಾರ ಕತ್ತರಿಸಿ ನಕ್ಕರು. "ಹುಕ್ಕು ಇಲ್ದಿದ್ರೆ ನನ್ನನ್ನ ಕರೀಲೇಬೇಕಲ್ಲ."

"ಊರೆಲ್ಲ ಆಡ್ಕೋತದೆ ಅಣ್ಣ."

"ಆಡ್ಕಳ್ಳಿ ಬುಡು. ಹುಕ್ಕು ತಾನೆ."

ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಅವ್ವನಿಗೆ ಹೇಳಿದೆ. ಅವಳು ಪ್ರತಿ ವರ್ಷ ಹೊಸ ಹುರುಳಿ ಬಂದಾಗ ಒಂದು ಚೀಲ ಅವರ ಮನೆಗೆ ಕಳಿಸುತ್ತಿದ್ದಳು. ಯಾಕೆ ಅಂತ ನಮ್ಮತ್ತೆ ಕೇಳಿದರೆ, ನಿನ್ನ ಸೊಸೆಗೆ ಕೆಲಸ ಕಲಿಸ್ತಾರಲ್ಲ ಅದಕ್ಕೆ ಅನ್ನುತ್ತಿದ್ದಳು. ಅವ್ವ ಹೋಗಿ ಈಗ ಬಹಳ ವರ್ಷವಾಯಿತು. ಜವಳಿ ಅಂಗಡಿಯೂ ಕೈ ಬದಲಾಯಿತು, ಜಗುಲಿ ಒಡೆದು ಗಾಜಿನ ಬಾಗಿಲು ಹಾಕಿದರು. ಟೈಲರಣ್ಣ ಕಣ್ಣು ಮಂಜಾಗಿ ಮನೆಯಲ್ಲೇ ಉಳಿದರು. ಹಬ್ಬಕ್ಕೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ನನ್ನ ಸೀರೆಯ ಸೆರಗನ್ನು ಬೆರಳಲ್ಲಿ ಮುಟ್ಟಿ, ಒಳ್ಳೇ ಬಟ್ಟೆ ಅನ್ನುತ್ತಿದ್ದರು...

ಹೋದ ತಿಂಗಳು ಅವರು ತೀರಿಕೊಂಡರು. ಹೋಗಿ ನೋಡಿ ಬಂದೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಹೊರಗೆ ಬಂದರೆ ಅತ್ತೆ ಕಲ್ಲು ಬೆಂಚಿನ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಮೊದಲಿನ ಹಾಗೇ ಇದೆ. ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು, "ಪಾಪ, ಒಳ್ಳೆ ಮನ್ಸ ಕಣೆ. ಹುಕ್ಕು ಮರ್ತೋಗೋ ಚಾಳಿ ಒಂದು ಬುಟ್ರೆ..." ಇಬ್ಬರೂ ನಕ್ಕರು.

ಮೂವತ್ತು ವರ್ಷ ಆ ನಗುವನ್ನು ಕೇಳಿಕೊಂಡು ಸುಮ್ಮನಿದ್ದವಳು ನಾನು. ಅವ್ವನ ಮಾನ ಅಂತ ಸುಮ್ಮನಿದ್ದೆ, ಅವರೂ ಅದಕ್ಕೇ ಸುಮ್ಮನಿದ್ದರು. ಅವತ್ತು ತಡೆಯಲಾಗಲಿಲ್ಲ. ಪಕ್ಕದವಳು ಎದ್ದು ಹೋದ ಮೇಲೆ ಅತ್ತೆಯ ಹತ್ತಿರ ಕೂತು, ಅವರ ಕಿವಿಗೆ ಕೇಳುವ ಹಾಗೆ ಎಲ್ಲ ಹೇಳಿದೆ. ಅಕ್ಕನ ರವಿಕೆ, ಅವ್ವನ ಭಯ, ಉಗ್ರಾಣ, ಕೈಹೊಲಿಗೆ, ಎಲ್ಲ. ಅವ್ವನನ್ನು ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಬಾಯಲ್ಲಿದ್ದ ಎಲೆಯನ್ನು ಉಗಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು ಬೀದಿ ನೋಡುತ್ತಾ ಕೂತರು.

"ಅವತ್ತು ಆ ಮನ್ಸ ಉಂಡ್ಕಂಡ್ ಹೋದ್ರಾ?" ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ. ಧಾರೆಯಾಯಿತು, ಊಟಕ್ಕೆ ಎಲೆ ಹಾಕಿದರು, ಜನವೋ ಜನ. ಅವರನ್ನು ಯಾರು ಕೂರಿಸಿದರು, ಯಾರು ಕರೆದರು, ನಾನು ನೋಡಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ.

"ಉಂಡಿರ್ತಾರೆ ಬುಡಿ ಅತ್ತೆ," ಅಂದೆ.

ಅತ್ತೆ ತಲೆ ಅಲ್ಲಾಡಿಸಿದರು.

"ಅಷ್ಟೊಂದು ಬೈದ್ನಲ್ಲೇ ಬಾಗ್ಲಲ್ಲಿ ನಿಲ್ಲಿಸ್ಕಂಡು. ಯಾರವ್ವ ಕೂತು ಉಂಡಾರು?"