ಅಪ್ಪನ ಕೂಲಿ ಜೋಳ

ನನ್ನ ಅಪ್ಪ ಈಚಲು ಮರ ಹತ್ತಿ ಸೇಂದಿ ಇಳಿಸಿ ಮಾರುತ್ತಿದ್ದ. ಕೊಹಿನೂರು ಹಳ್ಳಿಯ ಕಡೆಯ ನಮ್ಮ ಊರಿನಲ್ಲಿ ತಲೆಮಾರುಗಳಿಂದ ನಮ್ಮದು ಅದೇ ಕಸುಬು. ನಾನು ಒಬ್ಬನೇ ಮಗ, ಮತ್ತು ನನಗೆ ಮರವೆಂದರೆ ಭಯ. ಒಮ್ಮೆ ಅರ್ಧ ಹತ್ತಿ ಇಳಿಯಲಾರದೆ ಅಳುತ್ತಿದ್ದಾಗ ಅಪ್ಪ ಕೆಳಗೆ ನಿಂತು ಒಂದೊಂದೇ ಹೆಜ್ಜೆ ಹೇಳಿ ಇಳಿಸಿದ. ಬೈಯಲಿಲ್ಲ. ಮರುವಾರವೇ ಬಸವಕಲ್ಯಾಣಕ್ಕೆ ಕರೆದೊಯ್ದು, ಕೋಟೆಯ ದಾರಿಯಲ್ಲಿದ್ದ ಒಬ್ಬ ಮುಸ್ಲಿಂ ದರ್ಜಿಯ ಬಳಿ ಹೊಲಿಗೆ ಕಲಿಯಲು ಬಿಟ್ಟ.

ನಮ್ಮ ಊರಿನಲ್ಲಿ ನಮ್ಮ ಕೈಯ ಸೇಂದಿ ಕುಡಿಯುವವರು ನಮ್ಮ ಮನೆಯ ನೀರು ಕುಡಿಯುತ್ತಿರಲಿಲ್ಲ. ನಾನು ಉಸ್ತಾದ್ ಎಂದು ಕರೆಯುತ್ತಿದ್ದ ಆ ದರ್ಜಿಯ ಮನೆಯಲ್ಲಿ ಮೊದಲ ದಿನವೇ ಅವರ ತಾಟಿನಲ್ಲಿ ನನ್ನ ಕೈಯೂ ಇತ್ತು. ಅದೊಂದಕ್ಕೇ ನಾನು ಮುಸಲ್ಮಾನನಾದೆ ಎಂದು ಜನ ಆಡಿಕೊಂಡರು. ಅದೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಮಾಜಿನಲ್ಲಿ ಅವರ ಹಿಂದೆ ನಿಂತಾಗ ಎದೆಯೊಳಗೆ ಏನೋ ತಣ್ಣಗಾಗುತ್ತಿತ್ತು. ಅದನ್ನು ಯಾರಿಗೂ ಬಿಡಿಸಿ ಹೇಳಲು ನನಗೆ ಬರಲಿಲ್ಲ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷಗಳಾಗಿದ್ದವು, ನನಗೆ ಇಪ್ಪತ್ತೆರಡು. ಕಲಿಮಾ ಹೇಳಿ ಮುಸಲ್ಮಾನನಾದೆ.

ಅವ್ವ ಅತ್ತಳು. ಅಪ್ಪ, "ತಿಳದ ಮಾಡಿದಿ?" ಎಂದ.

"ಹೌದಪ್ಪ."

"ಹಂಗಾದ್ರ ಆಯ್ತು. ಮನಿಗಿ ಬರೋದು ಮಾತ್ರ ಬಿಡಬ್ಯಾಡ."

ಹುಮನಾಬಾದಿನಲ್ಲಿ ಒಂದು ಮಷಿನ್ ಹಾಕಿಕೊಂಡು ಸ್ವಂತ ಅಂಗಡಿ ತೆರೆದೆ. ಹೊಸ ಧರ್ಮದ ಹುರುಪು ನನ್ನಲ್ಲಿ ವಿಪರೀತವಾಗಿತ್ತು. ಬಿಸ್ಮಿಲ್ಲಾ ಹೇಳಿ ಕೊಯ್ದ ಮಾಂಸವನ್ನೇ ತಿನ್ನಬೇಕು ಎಂಬುದು ಸುಲಭವಾಗಿತ್ತು. ಕಸಾಯಿಯ ಅಂಗಡಿ ಪಕ್ಕದ ಗಲ್ಲಿಯಲ್ಲೇ ಇತ್ತು. ಆಮೇಲೆ ಸಾಬೂನಿನಲ್ಲಿ ಏನಿದೆ ಎಂದು ಕೇಳಿದೆ, ಔಷಧದಲ್ಲಿ ಏನಿದೆ ಎಂದು ಕೇಳಿದೆ, ಚಹಾದಂಗಡಿಯವನ ತಾಟಿನಲ್ಲಿ ಮೊದಲು ಏನು ತಿಂದಿದ್ದರು ಎಂದು ಕೇಳಿದೆ. ಹುಟ್ಟು ಮುಸಲ್ಮಾನರೇ ನನ್ನನ್ನು ನೋಡಿ ನಗುತ್ತಿದ್ದರು. ಹಲಾಲ್ ಎಂಬುದು ಗಳಿಕೆಗೂ ಅನ್ವಯಿಸುತ್ತದೆ, ಅಮಲಿನ ವ್ಯಾಪಾರದ ಹಣ ನಿಷಿದ್ಧ ಎಂದು ಒಂದು ಶುಕ್ರವಾರದ ಪ್ರವಚನದಲ್ಲಿ ಕೇಳಿದೆ. ಅಂದಿನಿಂದ ಅಪ್ಪನ ಮೈಯ ಸೇಂದಿ ವಾಸನೆ ನನ್ನನ್ನು ಬೆನ್ನುಹತ್ತಿತು.

ದೀಪಾವಳಿ ಕಳೆದ ಮೇಲೆ ಊರಿಗೆ ಹೋದೆ. ಅವ್ವ ನನಗೆಂದೇ ಹೊಸ ಗಡಿಗೆ ತಂದಿಟ್ಟಿದ್ದಳು.

"ಇದರಾಗ ನಮ್ಮ ಖಂಡ ಕುದಿಸಿಲ್ಲ ನೋಡಪ್ಪ. ನಿನ್ನ ಸಲುವಾಗೇ ತಂದೀನಿ," ಎಂದು ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು.

ನಾನು ರೊಟ್ಟಿ ಮುರಿಯಲಿಲ್ಲ. "ಅವ್ವ, ಈ ಜ್ವಾಳ ಎಲ್ಲೀದು?" ಎಂದೆ.

"ಸಂತ್ಯಾಂದು. ಮತ್ತ ಎಲ್ಲೀದು?"

"ಸೇಂದಿ ರೊಕ್ಕದ್ದ ಅಲ್ಲ?"

ಅವ್ವನಿಗೆ ನಾನು ಏನು ಕೇಳುತ್ತಿದ್ದೇನೆಂದು ತಕ್ಷಣ ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ತಿಳಿಯಿತು. ತಾಟನ್ನು ಮೆಲ್ಲಗೆ ಸರಿಸಿ ಎದ್ದೆ. ಅಪ್ಪ ನನ್ನ ಮುಖ ನೋಡದೆ, "ಹಸದ ಹೋಗಬ್ಯಾಡ. ದಾರ್ಯಾಗ ಏನರ ತಿನ್ನು," ಎಂದಷ್ಟೇ ಹೇಳಿದ.

ಬಸವಕಲ್ಯಾಣದಲ್ಲಿ ಇಳಿದು ಇದನ್ನು ಉಸ್ತಾದರಿಗೆ ಹೆಮ್ಮೆಯಿಂದಲೇ ಹೇಳಿದೆ. ಅವರು ಹೊಲಿಯುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ಹಡದ ತಾಯಿ ಮುಂದಿನ ತಾಟು ದೂಡಿ ಬಂದಿ? ಬೇಟಾ, ನಿನ್ನ ಗಳಿಕಿ ಹಲಾಲ್ ಇಟ್ಕೋ ಅಂದೀನಿ. ಅಪ್ಪನ್ನ ನಾಚಿಸು ಅಂತ ಯಾವಾಗ ಅಂದೀನಿ? ಹೋಗು, ಮಾಫಿ ಕೇಳು."

ಹೋಗಬೇಕಿತ್ತು. ನಾಚಿಕೆಯೂ ಹಠವೂ ಕೂಡಿ ನಾಲ್ಕು ವಾರ, ಆರು ವಾರ ಕಳೆದವು.

ರಮ್ಜಾನ್ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಅಪ್ಪ ಹುಮನಾಬಾದಿನ ನನ್ನ ಅಂಗಡಿಯ ಮುಂದೆ ಬಂದು ನಿಂತ. ತಲೆಯ ಮೇಲೆ ಒಂದು ಗಂಟು. ಸ್ನಾನ ಮಾಡಿ, ಒಗೆದ ಧೋತರ ಉಟ್ಟಿದ್ದ. ಗಂಟನ್ನು ಇಳಿಸಿ, ಒಳಗೆ ಬರದೆ ಹೊಸ್ತಿಲ ಹೊರಗೇ ಕೂತ.

"ಜ್ವಾಳ," ಎಂದ. "ಕೂಲಿದು. ಸೇಂದಿದಲ್ಲ."

ಚಳಿಗಾಲದಲ್ಲೇ ಈಚಲಿನಿಂದ ಸೇಂದಿ ಚೆನ್ನಾಗಿ ಇಳಿಯುತ್ತದೆ. ಆ ಕಾಲದಲ್ಲಿ ಮರ ಬಿಟ್ಟು, ಐವತ್ತೈದು ದಾಟಿದ ಮನುಷ್ಯ ಬೇರೆಯವರ ಹೊಲದಲ್ಲಿ ತೊಗರಿ ಕೊಯ್ಯಲು, ಜೋಳದ ರಾಶಿ ಮಾಡಲು ಹೋಗಿದ್ದ. ಎಂದೂ ಹೊಲಕ್ಕಿಳಿದು ಕುಡುಗೋಲು ಹಿಡಿದವನಲ್ಲ; ಬೆರಳ ಸಂದಿಗಳು ಒಡೆದು ಕಪ್ಪಾಗಿದ್ದವು. ಆ ಕೈ ಹಿಡಿದುಕೊಂಡು ಅಂಗಡಿಯ ಮುಂದೆಯೇ ಅತ್ತೆ.

"ಅಪ್ಪ, ಇದೆಲ್ಲ ಬ್ಯಾಡ. ನಂದ ತಪ್ಪಾಗ್ಯಾದ. ನಾ ಬರ್ತೀನಿ, ಏನ ಇದ್ರೂ ಉಣ್ತೀನಿ."

"ಅಳಬ್ಯಾಡ. ಮನ್ಯಾಗ ಇದಾ ಜ್ವಾಳ ಬ್ಯಾರೆ ಇಟ್ಟೀನಿ. ನೀ ಬಂದಾಗ ನಿಮ್ಮವ್ವ ಇದರಾಗ ರೊಟ್ಟಿ ಬಡೀತಾಳ. ಯಾವಾಗ ಬರ್ತಿ?"

"ಈ ವಾರದಾಗ ಬರ್ತೀನಿ."

ಬಸ್ಸು ಹತ್ತಿಸಿ ಬಂದೆ. ಆ ವಾರ ಹಬ್ಬದ ಬಟ್ಟೆಗಳು ಬರತೊಡಗಿದವು. ಪೈಜಾಮ, ಶೇರ್ವಾನಿ, ಮಕ್ಕಳ ಅಂಗಿಗಳು ಗೋಡೆಯುದ್ದಕ್ಕೂ ಬಿದ್ದಿದ್ದವು. ಈದ್ ಮುಗಿಸಿ, ಎಲ್ಲರಿಗೂ ಹೊಸ ಬಟ್ಟೆ ಹೊಲಿದುಕೊಂಡೇ ಹೋದರಾಯಿತು ಎಂದುಕೊಂಡೆ.

ಈದಿಗೆ ಐದು ದಿನ ಇರುವಾಗ ಊರಿನವನೊಬ್ಬ ಬಸ್ಸಿಳಿದು ನೇರ ಅಂಗಡಿಗೆ ಬಂದ. ಅಪ್ಪ ಹೊಲದಲ್ಲಿ ಕುಸಿದುಬಿದ್ದಿದ್ದ. ಎತ್ತಿ ನೆರಳಿಗೆ ತರುವಷ್ಟರಲ್ಲಿ ಮುಗಿದಿತ್ತು.

ನಾನು ಊರು ಮುಟ್ಟುವ ಹೊತ್ತಿಗೆ ಅಪ್ಪನ ಮೈ ತೊಳೆಸಿ ಕೂರಿಸಿದ್ದರು. ದೊಡ್ಡಪ್ಪನ ಮಗ ನನ್ನನ್ನು ತಡೆದು, "ನೀ ಹೆಗಲ ಕೊಡೋ ಹಂಗಿಲ್ಲ. ದೂರ ನಿಂತ ನೋಡು," ಎಂದ. ಜಗಳವಾಡುವ ಮುಖ ನನಗಿರಲಿಲ್ಲ. ಎಲ್ಲರ ಹಿಂದೆ ನಡೆದೆ. ಕೊನೆಗೆ ಒಂದು ಹಿಡಿ ಮಣ್ಣು ಹಾಕಿದೆ. ಅದನ್ನು ಯಾರೂ ಬೇಡವೆನ್ನಲಿಲ್ಲ.

ನನಗೆ ರಮ್ಜಾನಿನ ಉಪವಾಸ, ರೋಜಾ ಇತ್ತು. ಹೊತ್ತು ಮುಳುಗುವಾಗ ಹಿತ್ತಲಿನಲ್ಲಿ ಕೂತಿದ್ದೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಅವ್ವ ಒಂದು ತಂಬಿಗೆ ನೀರು, ಒಂದು ಅರಿವೆಯ ಗಂಟು ತಂದು ನನ್ನ ಮುಂದಿಟ್ಟಳು.

"ನಿಮ್ಮಪ್ಪನ ಬುತ್ತಿ. ಮುಂಜಾನೆ ಕಟ್ಟಿ ಕೊಟ್ಟಿದ್ನಿ. ಬಿಚ್ಚೇ ಇಲ್ಲ ಅವ. ಕೂಲಿ ಜ್ವಾಳದ್ದೇ ಅದ, ಉಣ್ಣು."

ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಆ ರೊಟ್ಟಿಯಿಂದ ನಾನು ರೋಜಾ ಬಿಟ್ಟೆ. ಒಣಗಿ ಗಟ್ಟಿಯಾಗಿತ್ತು. ಅವ್ವ ಎದುರಿಗೇ ಕೂತು, ಎರಡೂ ಮುಗಿಯುವವರೆಗೆ ಏಳಲಿಲ್ಲ.

ವರ್ಷಗಳು ಕಳೆದು, ನನಗೆ ಮದುವೆಯಾಗಿ ಮಕ್ಕಳಾದ ಮೇಲೆ ಅವ್ವ ಹುಮನಾಬಾದಿಗೆ ಬಂದು ನಮ್ಮೊಂದಿಗಿದ್ದಳು. ತನ್ನ ದೇವರನ್ನು ತಂದುಕೊಂಡಳು. ಅವಳ ಕೋಣೆಯಲ್ಲಿ ನಾನೇ ಹಲಗೆ ಹೊಡೆದುಕೊಟ್ಟೆ. ನನ್ನ ಹೆಂಡತಿಯ ಅಡಿಗೆಯನ್ನು ಒಂದು ದಿನವೂ ಏನು, ಎಲ್ಲಿಯದು ಎಂದು ಕೇಳದೆ ಉಂಡಳು. ಒಮ್ಮೆ ಮಧ್ಯಾಹ್ನ, ಧೈರ್ಯ ಮಾಡಿ ಕೇಳಿದೆ: "ಅವತ್ತ ನಾ ಉಣ್ಣದ ಹೋದ ಮ್ಯಾಲ ಅಪ್ಪ ಏನಂದ?"

ಅವ್ವ ಅಕ್ಕಿ ಆರಿಸುತ್ತಿದ್ದಳು. "ಏನೂ ಅನ್ನಲಿಲ್ಲ. ಅವನೂ ಉಣ್ಣಲಿಲ್ಲ. ಮರದಿನ ಯಾರದ್ದೋ ಕುಡುಗೋಲ ಕೇಳಿ ತಂದ." ಒಂದು ಕಲ್ಲು ಹೆಕ್ಕಿ ಬಿಸಾಕಿ ಹೇಳಿದಳು, "ನಿನ್ನ ದೇವರು ಅಷ್ಟ ಬಿರಸ ಇರಲಿಕ್ಕಿಲ್ಲಪ್ಪ. ಬಿರಸ ಇದ್ದಾಂವ ನೀನಾ."

ಅವಳು ಮೊರವನ್ನು ಬದಿಗಿಟ್ಟು ಎದ್ದು ಚಹಾಕ್ಕೆ ನೀರಿಟ್ಟಳು.