ಕಂಪನಿಯ ಇತಿಹಾಸದಲ್ಲಿ ನನ್ನ ಅಕ್ಕ

ನಾನು ಓದಿದ್ದು ಮೂರನೇ ಇಯತ್ತೆ. ಅದರಲ್ಲಿ ಇತಿಹಾಸ ಅನ್ನುವ ಪಾಠ ಇತ್ತೋ ಇಲ್ಲವೋ ನೆನಪಿಲ್ಲ. ನನಗೆ ಚೆನ್ನಾಗಿ ಬರುವ ಇತಿಹಾಸ ಒಂದೇ, ತೊಟ್ಟಿಲ ಕಂಪನಿಯದು. ಅದನ್ನು ಬಾಯಿಪಾಠ ಮಾಡಿದೆ, ಆಮೇಲೆ ಕೆಡಿಸಿದೆ. ಕೆಡಿಸಿದ್ದರಿಂದ ನನ್ನ ಅಕ್ಕನಿಗೆ ಬಂದ ಒಳ್ಳೆಯ ಸಂಬಂಧ ತಪ್ಪಿಹೋಯಿತು. ಇಷ್ಟು ವರ್ಷ ಇದನ್ನು ಮನೆಯವರ ಮುಂದೆ ತಮಾಷೆ ಮಾಡಿ ಹೇಳುತ್ತ ಬಂದಿದ್ದೇನೆ. ನಡುವಿನ ಒಂದು ಮಾತನ್ನು ಮಾತ್ರ ಪ್ರತಿ ಸಲವೂ ನುಂಗಿಬಿಡುತ್ತೇನೆ.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಶಿರಸಿಗೆ ಆ ಕಂಪನಿ ಬಂತು. ಈಗಿನವರು ದೊಡ್ಡ ಊರುಗಳಲ್ಲಿ ಟಿಕೀಟು ತೆಗೆದು ಇಡೀ ದಿನ ಆಡಿ ಬರುವ ಉದ್ಯಾನಗಳಿಗೆ ಹೋಗುತ್ತಾರಲ್ಲ, ಹೆಚ್ಚುಕಡಿಮೆ ಅದೇ. ನಮ್ಮದನ್ನು ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡು ತಿರುಗುತ್ತಿದ್ದರು. ಬಿದಿರಿನ ತಟ್ಟಿಯ ಬೇಲಿ, ಒಳಗೆ ಕಟ್ಟಿಗೆಯ ಕುದುರೆಗಳು ಸುತ್ತುವ ಚಕ್ರ, ಡೊಂಕು ಕನ್ನಡಿಗಳ ಡೇರೆ, ನಟ್ಟನಡುವೆ ನಾಲ್ಕು ಪೆಟ್ಟಿಗೆಗಳ ದೊಡ್ಡ ತೊಟ್ಟಿಲು. ಯಂತ್ರ ಗಿಂತ್ರ ಇಲ್ಲ. ಇಬ್ಬರು ಗಟ್ಟಿ ಆಳುಗಳು ದೂಡಬೇಕು. ಆ ಇಬ್ಬರಲ್ಲಿ ನಾನೊಬ್ಬನಾದೆ. ಎಕ್ಕಂಬಿಯ ನಮ್ಮ ಮನೆಯಲ್ಲಿ ಮಾತ್ರ ಶಿರಸಿಯಲ್ಲಿ ಅಡಿಕೆ ತುಂಬಿಡುವ ವಖಾರಿಯಲ್ಲಿ ಕೆಲಸ ಅಂತ ಹೇಳಿದ್ದೆ. ತೊಟ್ಟಿಲು ದೂಡುವ ಮಗನನ್ನು ಮನೆಯೊಳಗೆ ಸೇರಿಸುವ ಅಪ್ಪ ನಮ್ಮಪ್ಪನಾಗಿರಲಿಲ್ಲ.

ಮಾಲೀಕರು ಹುಬ್ಬಳ್ಳಿ ಕಡೆಯ ಮುದುಕರು. ಕೆಲಸಕ್ಕೆ ಸೇರಿದವನು ಮೊದಲು ಕಂಪನಿಯ ಇತಿಹಾಸ ಕಲಿಯಬೇಕು ಎಂಬುದು ಅವರ ಕಟ್ಟಳೆ. ಅಡಿಗೆಯವನೂ ಕಲಿಯಬೇಕು, ಎತ್ತು ಕಾಯುವವನೂ ಕಲಿಯಬೇಕು. ಸಂಜೆ ಒಬ್ಬೊಬ್ಬರನ್ನೇ ಕರೆದು ಒಪ್ಪಿಸಿಕೊಳ್ಳುತ್ತಿದ್ದರು. ಹಗ್ಗ ಹಳೆಯದಾದರೆ ಜನ ಹೆದರುತ್ತಾರೆ, ಕಂಪನಿ ಹಳೆಯದು ಅಂದರೆ ಧೈರ್ಯವಾಗಿ ಹತ್ತುತ್ತಾರೆ ಎನ್ನುವುದು ಅವರ ಲೆಕ್ಕ.

ಇತಿಹಾಸ ಹೀಗೆ. ಮಾಲೀಕರ ಅಜ್ಜ ಕೂಸಿನ ತೊಟ್ಟಿಲು ಮಾಡುವ ಬಡಗಿ. ಯಾವುದೋ ದೇಸಾಯರ ಮನೆಯ ಕೂಸು ಎಷ್ಟು ತೂಗಿದರೂ ಅಳು ನಿಲ್ಲಿಸಲಿಲ್ಲ. ಅಜ್ಜ ತೊಟ್ಟಿಲನ್ನು ಗಾಡಿಯ ಗಾಲಿಗೆ ಕಟ್ಟಿ ಮೇಲೆ ಕೆಳಗೆ ತಿರುಗಿಸಿದ. ಕೂಸು ನಕ್ಕಿತು, ಕಂಪನಿ ಹುಟ್ಟಿತು. ಮುಂದೆ ಒಬ್ಬ ಬಿಳಿ ಸಾಹೇಬ ತೊಟ್ಟಿಲಲ್ಲಿ ಕುಳಿತು, ಇಳಿದು, ಸಂತೋಷಪಟ್ಟು ಪದಕ ಕೊಟ್ಟ. ಸಾಹೇಬ ಇಳಿದವನೇ ವಾಂತಿ ಮಾಡಿದ್ದ ಅಂತ ಮಾಲೀಕರ ಹೆಂಡತಿ ನಮಗೆ ಹೇಳಿದ್ದರು. ಒಂದು ದಿನ ಒಪ್ಪಿಸುವಾಗ ನಾನು ಅದನ್ನೂ ಸೇರಿಸಿದೆ. ಮಾಲೀಕರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಇತಿಹಾಸದಾಗ ವಾಂತಿ ಇರಂಗಿಲ್ಲೋ," ಅಂದರು.

ನನ್ನ ದನಿ ದೊಡ್ಡದು. ದೂಡುವುದನ್ನು ಬಿಡಿಸಿ, ತಗಡಿನ ತುತ್ತೂರಿ ಕೈಗೆ ಕೊಟ್ಟು, ಕೆಂಪು ರುಮಾಲು ಸುತ್ತಿ, ಅಂಟಿಸುವ ಮೀಸೆ ಹಚ್ಚಿ ಇತಿಹಾಸ ಹೇಳಲು ನಿಲ್ಲಿಸಿದರು. ಕೆಲಸ ಸುಲಭ ಅಂದುಕೊಂಡೆ. ಆದರೆ ಆ ತೊಟ್ಟಿಲು ನಾಲ್ಕೂ ಪೆಟ್ಟಿಗೆ ತುಂಬದೆ ತಿರುಗುವಂತಿರಲಿಲ್ಲ. ಒಂದು ಕಡೆ ಭಾರವಾದರೆ ದೂಡುವವರನ್ನೇ ಎತ್ತಿ ಒಗೆಯುತ್ತಿತ್ತು. ಮೊದಲು ಹತ್ತಿದವರನ್ನು ಮೇಲೆ ಕಳಿಸಿ, ಹಗ್ಗ ಬಿಗಿದು, ಉಳಿದ ಪೆಟ್ಟಿಗೆ ತುಂಬುವವರೆಗೆ ಇತಿಹಾಸ ಹೇಳುತ್ತಿರಬೇಕು. ಹತ್ತಿದವರನ್ನು ಸುತ್ತು ಹಾಕಿಸದೆ ಇಳಿಸುವುದು ಅಪಶಕುನ ಅಂತ ಮಾಲೀಕರ ಇನ್ನೊಂದು ಕಟ್ಟಳೆ.

ಶಿರಸಿಯಲ್ಲಿ ಜನ ನುಗ್ಗಿ ಹತ್ತಿದರು, ಇತಿಹಾಸ ಸಾಕಾಯಿತು. ಸಿದ್ದಾಪುರದಲ್ಲಿ ಜನ ಬೇಲಿಯ ಪಕ್ಕ ನಿಂತು ನೋಡುವುದೇ ಹೆಚ್ಚು. ಒಂದು ಸಂಜೆ ಬಡಗಿ ಅಜ್ಜ ಮುಗಿದ, ಕೂಸು ಮುಗಿಯಿತು, ಪದಕವೂ ಮುಗಿಯಿತು, ಎರಡು ಪೆಟ್ಟಿಗೆ ಖಾಲಿಯೇ ಇವೆ. ಮೇಲೆ ತೋಟದ ಮನೆಯ ಹೆಂಗಸೊಬ್ಬಳು ಮಗುವನ್ನು ಅವಚಿಕೊಂಡು ಕುಳಿತಿದ್ದಳು. "ತಮಾ, ಆನು ಕೆಳಗೆ ಇಳಿತೆ, ಯಂಗೆ ಎಂತ ಕತೆನೂ ಬ್ಯಾಡ," ಅಂತ ಅಲ್ಲಿಂದಲೇ ಹೇಳತೊಡಗಿದಳು. ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದು ನನ್ನ ಅಕ್ಕ.

ಅಕ್ಕ ಚಿಕ್ಕವಳಿದ್ದಾಗ ಜೋನಿಬೆಲ್ಲ ಕದಿಯಲು ತಂಬಿಗೆಯೊಳಗೆ ಬಲಗೈ ತೂರಿಸಿದ್ದಳು. ಕೈ ಸಿಕ್ಕಿಕೊಂಡಿತು. ಅಷ್ಟರಲ್ಲಿ ಅಪ್ಪನ ಸೋದರಮಾವ ಬಂದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಒಣಗಲು ಹಾಕಿದ್ದ ಧೋತರವನ್ನು ಎಳೆದು ತಂಬಿಗೆ ಸಮೇತ ಬಲಗೈ ಮುಚ್ಚಿಕೊಂಡು, ಎಡಗೈಯಲ್ಲಿ ನೀರು ಕೊಟ್ಟಳು. ಎಡಗೈ ನೀರನ್ನು ಮುಟ್ಟದೆ ಎದ್ದು ಹೋದ ಮುದುಕ ಮತ್ತೆ ನಮ್ಮ ಹೊಸ್ತಿಲು ತುಳಿದದ್ದು ಎಷ್ಟೋ ಕಾಲದ ಮೇಲೆ. ನಾನು ಅಕ್ಕನನ್ನು ಬಡಗಿಯ ಮಗಳನ್ನಾಗಿ ಮಾಡಿದೆ, ಮುದುಕನನ್ನು ಬಿಳಿ ಸಾಹೇಬನನ್ನಾಗಿ ಮಾಡಿದೆ. ಸಾಹೇಬನಿಗೆ ಎಡಬಲ ಏನು ಗೊತ್ತು? ಗಟಗಟ ಕುಡಿದ, ಹುಡುಗಿಯ ಉಪಚಾರ ಮೆಚ್ಚಿ ಪದಕ ಕೊಟ್ಟ.

ಬೇಲಿಯ ಪಕ್ಕದವರು ನಕ್ಕರು. ನಗುತ್ತಲೇ ಬಂದು ಹತ್ತಿದರು. ಮಾಲೀಕರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆ ರಾತ್ರಿ ಊಟಕ್ಕೆ ಕುಳಿತಾಗ, ಪದಕ ಯಾಕೆ ಕೊಟ್ಟ ಎನ್ನುವುದು ತಮಗೂ ಇಷ್ಟು ದಿನ ತಿಳಿದಿರಲಿಲ್ಲ ಅಂದರು. ಮರುದಿನದಿಂದ ಅಡಿಗೆಯವನೂ ತಂಬಿಗೆಯ ಕತೆ ಒಪ್ಪಿಸತೊಡಗಿದ.

ಅದೇ ಹೊತ್ತಿಗೆ ಅಕ್ಕನಿಗೆ ಸಿದ್ದಾಪುರದ ದಾರಿಯ ಕಾನಸೂರಿನಿಂದ ಸಂಬಂಧ ಬಂತು. ಹುಡುಗನದು ಸಣ್ಣ ಕಿರಾಣಿ ಅಂಗಡಿ. ಹಿಂದೆ ಬಂದುಹೋದವರೆಲ್ಲ ಅವಳನ್ನು ನಿಲ್ಲಿಸಿ ನೋಡಿದವರು. ಇವನು ಮಾತ್ರ ಯಾರದೋ ಮದುವೆಯಲ್ಲಿ ಅವಳು ಊಟಕ್ಕೆ ಬಡಿಸುವುದನ್ನು ನೋಡಿ, ತಾನಾಗಿ ಕೇಳಿ ಕಳಿಸಿದ್ದ. ಅವಳಿಗೂ ಮನಸ್ಸಿತ್ತು. ಅದನ್ನು ಅವಳು ಹೇಳಲಿಲ್ಲ, ಹೊಸ ಬಳೆ ಇಡಿಸಿಕೊಂಡಿದ್ದಳು. ನಾನು ವಖಾರಿಗೆ ರಜೆ ಹೇಳಿ ಬಂದವನಂತೆ ಊರಿಗೆ ಬಂದೆ.

ಹುಡುಗ, ಅವನ ತಂದೆ, ತಂದೆಯ ತಂಗಿಯಾದ ಅತ್ತೆ ಬಂದು ಕುಳಿತರು. ಅಕ್ಕ ತಲೆ ತಗ್ಗಿಸಿ ಅವಲಕ್ಕಿಯ ತಟ್ಟೆ ಇಟ್ಟಳು. ಹುಡುಗಿ ಇಷ್ಟು ಮೆತ್ತಗಿದ್ದರೆ ಅಂಗಡಿಯ ಗಿರಾಕಿಗಳ ಜೊತೆ ಹೇಗೆ ಮಾತಾಡುತ್ತಾಳೆ ಅಂತ ಅತ್ತೆ ಅನುಮಾನ ತೆಗೆದಳು. ನನ್ನ ಮಗಳು ಮೆತ್ತಗಿಲ್ಲ ಅಂತ ತೋರಿಸಲು ಅವ್ವ ನಗುತ್ತ ಶುರು ಮಾಡಿದ್ದು ತಂಬಿಗೆಯ ಕತೆ.

ನಾನು ಅವಲಕ್ಕಿ ಬಾಯಿಗೆ ಹಾಕಿಕೊಂಡಿದ್ದೆ. ಅದು ಮುಂದೆ ಹೋಗಲಿಲ್ಲ.

ಅತ್ತೆ ಪೂರ್ತಿ ಕೇಳಿದಳು. ಆಮೇಲೆ ನಿಧಾನವಾಗಿ, "ಯಕ್ಕಾ, ಇದು ಸಿದ್ದಾಪುರದಾಗ ತೊಟ್ಟಿಲ ಕಂಪನಿಯವ್ರು ಹೇಳೋ ಕತಿ. ನಾ ಎರಡು ಸಲ ಕೇಳೀನಿ. ನೀರು ಕುಡದಾಂವ ಸಾಹೇಬ. ನಿಮ್ಮ ಮನಿಗೆ ಯಾವ ಸಾಹೇಬ ಬಂದಿದ್ದ?" ಅಂದಳು.

ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಸಾಹೇಬ ಅಲ್ಲ, ನಮ್ಮ ಯಜಮಾನರ ಸೋದರಮಾವ ಅಂದಳು. ಅತ್ತೆ ತನ್ನ ಅಣ್ಣನ ಕಡೆ ತಿರುಗಿ, ಕಂಪನಿಯ ಇತಿಹಾಸ ತಂದು ಮಗಳಿಗೆ ತೊಡಿಸಿದವರು ವಯಸ್ಸನ್ನು ಎಷ್ಟು ಇಳಿಸಿ ಹೇಳಿರಬಹುದು ಅಂತ ಕೇಳಿದಳು. ಅಕ್ಕ ಮೊದಲ ಸಲ ತಲೆಯೆತ್ತಿ, "ಅದು ನಾನ ರೀ," ಅಂದಳು. ಯಾರೂ ನಂಬಲಿಲ್ಲ.

ಆಗ ಅಪ್ಪ ನನ್ನ ಕಡೆ ನೋಡಿದರು. "ನೀ ಪ್ಯಾಟ್ಯಾಗ ಇರತಿ. ಈ ಕಂಪನಿ ಗೊತ್ತೇನೋ ನಿನಗ?"

ಮೀಸೆ ಇಲ್ಲದ, ತುತ್ತೂರಿ ಇಲ್ಲದ ನನ್ನನ್ನು ಅತ್ತೆ ಗುರುತಿಸಿರಲಿಲ್ಲ. ಆ ಕತೆ ಹೇಳುವವನು ನಾನೇ, ಅದು ನನ್ನ ಅಕ್ಕನದೇ ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಹೊಡೆಯುತ್ತಿದ್ದರು, ಅಷ್ಟೇ. "ಇಲ್ಲಪಾ, ನನಗ ಗೊತ್ತಿಲ್ಲ," ಅಂದೆ. ಅವಲಕ್ಕಿ ಬಾಯಲ್ಲಿದ್ದುದರಿಂದ ಅಷ್ಟು ಹೇಳುವುದೂ ಕಷ್ಟವಾಯಿತು. ನಾನು ನುಂಗುವ ಮಾತು ಇದು.

ಬೇರೆ ಕಡೆ ನೋಡಿಕೊಳ್ಳಿ ಅಂತ ಕಾನಸೂರಿನಿಂದ ಹೇಳಿಕಳಿಸಿದರು.

ಕಂಪನಿ ಯಲ್ಲಾಪುರಕ್ಕೆ ಹೋಯಿತು. ಇನ್ನು ಆ ಕತೆ ಬೇಡ ಅಂತ ಮಾಲೀಕರಿಗೆ ಹೇಳಿದೆ. ಇತಿಹಾಸವನ್ನು ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಲು ಅದು ಅಂಗಿಯೇನೋ ಅಂತ ಅವರು ಗದರಿದರು. ಯಲ್ಲಾಪುರದಲ್ಲಿ ನಮ್ಮ ಚಿಕ್ಕಮ್ಮನ ಮನೆ. ಹಪ್ಪಳ ಸಂಡಿಗೆ ಮಾಡುವುದಕ್ಕೆ ಅಕ್ಕ ಅಲ್ಲಿಗೆ ಬಂದಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಒಂದು ಸಂಜೆ ಸಾಹೇಬ ನೀರು ಕುಡಿಯುವ ಜಾಗಕ್ಕೆ ಬಂದು, ಎಂದಿನಂತೆ ತುತ್ತೂರಿ ಎತ್ತಿ ಮೇಲೆ ನೋಡಿದೆ. ಮೇಲಿನ ಪೆಟ್ಟಿಗೆಯಲ್ಲಿ ಚಿಕ್ಕಮ್ಮನ ಪಕ್ಕ ಅಕ್ಕ ಕುಳಿತಿದ್ದಳು. ಒಂದು ಪೆಟ್ಟಿಗೆ ಇನ್ನೂ ಖಾಲಿ. ನಿಲ್ಲಿಸುವಂತಿಲ್ಲ, ಇಳಿಸುವಂತಿಲ್ಲ. ಅವಳ ಕಣ್ಣು ನನ್ನ ಮೇಲೇ ಇತ್ತು. ಸಾಹೇಬನಿಗೆ ನೀರು ಕುಡಿಸಿ, ಪದಕ ಕೊಡಿಸಿ, ಜನರನ್ನು ನಗಿಸಿ ಪೆಟ್ಟಿಗೆ ತುಂಬಿಸಿದೆ. ದೂಡುವವರಿಗೆ ಇನ್ನಷ್ಟು ಸುತ್ತು ಹಾಕಿ ಅಂತ ಸನ್ನೆಯನ್ನೂ ಮಾಡಿದೆ. ಎಷ್ಟು ಸುತ್ತಿದರೂ ಇಳಿಯಲೇಬೇಕಲ್ಲ.

ಅಕ್ಕ ಇಳಿದು ಬಂದು ನನ್ನ ಮೀಸೆಯನ್ನು ಕಿತ್ತು ಕೈಯಲ್ಲಿಟ್ಟಳು. ಕೂಗಾಡಲಿಲ್ಲ.

"ಕತಿ ಹೇಳಿದ್ದಕ್ಕ ನನಗ ಸಿಟ್ಟಿಲ್ಲೋ ತಮ್ಮಾ. ಹೇಳು, ಮಂದಿ ನಗಲಿ. ಆ ದಿನ ನಾ ಸುಳ್ಳಿ ಆಗಿ ಕುಂತಾಗ ನೀ ಬಾಜೂಕ ಕುಂತು ಅವಲಕ್ಕಿ ತಿಂದಿ."

ಮರುದಿನವೇ ಸಿದ್ದಾಪುರದ ಕಡೆಗೆ ಹೊರಟೆ. ಕಾನಸೂರಿನ ಅಂಗಡಿಯಲ್ಲಿ ಹುಡುಗ ಇರಲಿಲ್ಲ, ಅತ್ತೆ ಇದ್ದಳು. ನಡೆದದ್ದನ್ನೆಲ್ಲ ಹೇಳಿದೆ. ನಂಬಿಕೆ ಬರಲಿ ಅಂತ ಮೀಸೆ ಅಂಟಿಸಿಕೊಂಡು ಇತಿಹಾಸವನ್ನೂ ಒಪ್ಪಿಸಿದೆ. ಉಪ್ಪು ಕೊಳ್ಳಲು ಬಂದವರು ನಿಂತು ಕೇಳಿದರು. ನಮ್ಮ ಮನೆಯಲ್ಲಿ ಒಂದು ಸಲ ಕಂಡ ನನ್ನ ಮುಖ ಅತ್ತೆಗೆ ನೆನಪಿರಲಿಲ್ಲ, ಮೀಸೆಯ ಮುಖ ನೆನಪಿತ್ತು. ಕಂಪನಿಯವನನ್ನೇ ಹಿಡಿದು ಪಾಠ ಮಾಡಿ ಕಳಿಸಿದ್ದಾರೆ, ಆ ಮನೆಯವರು ಸಾಮಾನ್ಯರಲ್ಲ ಅಂದಳು. ಹುಡುಗನಿಗೆ ಬೇರೆ ಕಡೆ ನಿಶ್ಚಯವಾಗಿತ್ತು.

ಅಕ್ಕನ ಮದುವೆ ನಡೆದದ್ದು ಎರಡು ವರ್ಷದ ಮೇಲೆ, ಯಲ್ಲಾಪುರದ ಹುಡುಗನ ಜೊತೆ. ಅವರು ನೋಡಲು ಬಂದ ದಿನ ನಾನು ಹಿತ್ತಲಲ್ಲಿದ್ದೆ. ಅಕ್ಕ ತಾನೇ ಬಂದು ತೋಳು ಹಿಡಿದು ನಡುಮನೆಗೆ ಎಳೆದೊಯ್ದಳು. ಯಾರೂ ಏನೂ ಕೇಳುವ ಮೊದಲೇ, ಅಪ್ಪ ಅಲ್ಲೇ ಕುಳಿತಿರುವಾಗಲೇ ಹೇಳಿದಳು.

"ಇಂವ ನನ್ನ ತಮ್ಮ ರೀ. ತೊಟ್ಟಿಲ ಕಂಪನಿಯಾಗ ಸುಳ್ಳು ಹೇಳೋ ಕೆಲಸ ಮಾಡ್ತಾನ."

ಅಲ್ಲಿಯವರೆಗೆ ಅಕ್ಕನಾಗಲಿ ಚಿಕ್ಕಮ್ಮನಾಗಲಿ ಇದನ್ನು ಅಪ್ಪನಿಗೆ ಹೇಳಿರಲಿಲ್ಲ. ಅಪ್ಪನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಹುಡುಗನ ತಂದೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮ್ಮಲ್ಲಿ ಒಬ್ಬನ ಏನು? ನಮ್ಮ ಮನ್ಯಾಗ ಸಂಬಳ ಇಲ್ಲದ ಸುಳ್ಳು ಹೇಳೋವ್ರು ಮೂರು ಮಂದಿ ಅದಾರ," ಅಂದರು. ಎಲ್ಲರೂ ನಕ್ಕರು. ಅಪ್ಪನೂ ಕಡೆಗೆ ನಕ್ಕರು. ಅಕ್ಕ ನನ್ನ ತೋಳು ಬಿಟ್ಟು ಒಳಗೆ ಹೋದಳು.

ಅಷ್ಟೇ ಮಾತು. ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಕಾನಸೂರಿನವರ ಎದುರು ಅದನ್ನು ನಾನೇ ಹೇಳಬಹುದಿತ್ತು.